ಅವನ ಮುಖಕ್ಕೆ ಅಂಟಿಸಿದ ಧ್ವನಿ

ಬುಕ್ಕಸಾಗರದ ಗದ್ದೆಯಲ್ಲಿ ಆ ದಿನವೂ ನಾಟಿ ಸಾಲಿನಲ್ಲಿಯೇ ನಡೆದಿತ್ತು. ಆದರೆ ಸಾಲು ಹಿಂದಕ್ಕೆ ಸರಿದಂತೆಲ್ಲ ಗಂಗೋತ್ರಿಯ ಎಡಕ್ಕೊಂದು ಬಲಕ್ಕೊಂದು ಬೋಳು ಪಟ್ಟಿ ಉಳಿಯುತ್ತ ಬಂತು. ನಾಟಿಯ ಹೆಂಗಸರು ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಬಾಗಿ ಒಟ್ಟಿಗೇ ಹಿಮ್ಮುಖ ಹೆಜ್ಜೆ ಹಾಕುತ್ತಾರೆ. ಒಬ್ಬಳ ಕೈ ಮುಗಿದಲ್ಲಿಂದ ಇನ್ನೊಬ್ಬಳ ಕೈ ಶುರು. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಆ ದಿನವೂ ಯಾರೂ ಏನೂ ಹೇಳಲಿಲ್ಲ. ಅವಳ ಪಕ್ಕದವರು ಒಂದೊಂದು ಮೊಳ ದೂರ ಸರಿದಿದ್ದರು, ಅಷ್ಟೇ.

ಬದುವಿನ ಮೇಲೆ ನಿಂತಿದ್ದ ಗದ್ದೆಯ ಯಜಮಾನ, ಇದೇನು ಗದ್ದೆಗೆ ಬೈತಲೆ ತೆಗೆದಿದ್ದೀರೇನು ಎಂದು ಗೊಣಗಿದ. ಬೇರೆ ದಿನವಾಗಿದ್ದರೆ ಯಾರಾದರೂ ಅವನ ಬೋಳುತಲೆಗೆ ತಿರುಗಿಸಿ ಒಂದು ಮಾತು ಎಸೆಯುತ್ತಿದ್ದರು. ಈಗ ಯಾರೂ ತಲೆ ಎತ್ತಲಿಲ್ಲ. ಗ್ಯಾಂಗಿನ ಮುಂದಾಳು ಸುಮಂಗಲಾ ಆ ತುದಿಯಿಂದ ಕುಂಟುತ್ತ, ಕೆಸರು ತುಳಿಯುತ್ತ ಬಂದು ಗಂಗೋತ್ರಿಯ ಬಲಕ್ಕೆ ಬಾಗಿದಳು. ಅವಳಿಗೆ ಇರುವುದು ಎರಡೇ ಕೈ. ಎಡಗಡೆಯ ಪಟ್ಟಿ ಹಾಗೆಯೇ ಉಳಿಯಿತು.

ಹಿಂದಿನ ಸಂಜೆ ಎಲ್ಲರ ಫೋನಿಗೂ ಒಂದು ತುಣುಕು ಬಂದಿತ್ತು. ಬರಲಿರುವ ಸಾಕ್ಷ್ಯಚಿತ್ರದ ಜಾಹೀರಾತು. ಸಂಡೂರಿನ ಕೆಂಪು ಗುಡ್ಡ, ಟಿಪ್ಪರಿನ ಮುಂಗಾಜಿನಾಚೆ ಓಡುವ ರಸ್ತೆ, ಆಮೇಲೆ ಒಬ್ಬನ ಮುಖ. ಮುಖ ನಿಧಾನವಾಗಿ ಹತ್ತಿರ ಬರುತ್ತದೆ, ಕಣ್ಣುಗಳು ಪರದೆಯನ್ನು ತುಂಬುತ್ತವೆ, ಹಿನ್ನೆಲೆಯಲ್ಲಿ ಒಂದು ಹೆಣ್ಣಿನ ಧ್ವನಿ:

“ಹೋಗು ಹೋಗು ಅಂತಿದ್ವು. ನಿಲ್ಲಾಕ ಬಿಡ್ತಿರಲಿಲ್ಲ. ಕಾಲು ನನ್ನವಲ್ಲ ಅನ್ನಿಸ್ತಿತ್ತು. ಮುಂದ ಏನೈತಿ, ಯಾರದಾರ, ಒಂದೂ ಕಾಣಂಗಿಲ್ಲ ಆಗ.”

ಧ್ವನಿ ಗಂಗೋತ್ರಿಯದು. ಮುಖ ಅವಳ ಅಕ್ಕನನ್ನು ಕೊಂದವನದು.

ಅವನ ಹೆಸರನ್ನು ಬುಕ್ಕಸಾಗರದಲ್ಲಿ ಯಾರೂ ಎತ್ತುವುದಿಲ್ಲ. ಅವನು ಎಂದರೆ ಸಾಕು. ವಡ್ಡಿನಲ್ಲಿ ಮನೆ, ಅದಿರಿನ ಟಿಪ್ಪರ್ ಓಡಿಸುವ ಕೆಲಸ. ಅವನ ಹೆಂಡತಿ ಜಂಬವ್ವ ಹೊಡೆತ ತಾಳದೆ ತವರಿಗೆ, ಬುಕ್ಕಸಾಗರಕ್ಕೆ ಬಂದು ದುರ್ಗಕ್ಕನ ಗ್ಯಾಂಗು ಸೇರಿದ್ದಳು. ದುರ್ಗಕ್ಕ ಗಂಗೋತ್ರಿಯ ಅಕ್ಕ. ಗಂಡು ಮೇಸ್ತ್ರಿಯನ್ನು ಬಿಡಿಸಿ, ಹೆಂಗಸರೇ ಕೂಲಿ ಮಾತಾಡಿ, ಹೆಂಗಸರೇ ಟಂಟಂ ಆಟೊ ಗೊತ್ತುಮಾಡಿ, ಕಂಪ್ಲಿಯವರೆಗೂ ನಾಟಿಗೆ ಹೋಗುವ ಗ್ಯಾಂಗು ಕಟ್ಟಿದವಳು. ಅವನು ತನ್ನ ಡ್ರೈವರುಗಳ ವಾಟ್ಸಾಪ್ ಗುಂಪಿಗೆ ದಿನಾ ಮಾತು ರೆಕಾರ್ಡು ಮಾಡಿ ಕಳಿಸುತ್ತಿದ್ದ. ತಾನೇ ಕೂಲಿ ಮಾತಾಡಲು ಕಲಿತ ಹೆಂಗಸು ಗಂಡನ ಮಾತು ಕೇಳುವುದಿಲ್ಲ, ಇಂಥವರಲ್ಲಿ ನಾಕು ಮಂದಿಯನ್ನು ಚಕ್ರದ ಕೆಳಗೆ ಹಾಕಿದರೆ ಉಳಿದವರು ನೆಟ್ಟಗಾಗುತ್ತಾರೆ ಎಂದು. ಗುಂಪಿನವರು ಹಲ್ಲು ಕಿರಿಯುವ ಮುಖಗಳನ್ನು ಒತ್ತುತ್ತಿದ್ದರು. ಕೆಲವರು ತಾವೂ ನಕ್ಕು ಆ ನಗುವನ್ನೇ ಕಳಿಸಿದರು. ಗುಂಪಿನೊಳಗಿನವರೇ ಯಾರೋ ದಾಟಿಸಿದ ಅದನ್ನೆಲ್ಲ ದುರ್ಗಕ್ಕ ಠಾಣೆಗೆ ಒಯ್ದು ಕೇಳಿಸಿದಳು. ಗಂಡ ಹೆಂಡಿರ ಜಗಳ ನಿನಗ್ಯಾಕಮ್ಮ ಎಂದು ಕಳಿಸಿಬಿಟ್ಟರು.

ಎರಡು ವರ್ಷದ ಹಿಂದೆ, ನಾಟಿಯ ಹಂಗಾಮಿನಲ್ಲಿ, ಒಂದು ಬೆಳಿಗ್ಗೆ ಅವನು ಖಾಲಿ ಟಿಪ್ಪರ್ ಹೊರಡಿಸಿದ. ಗಣಿಗೂ ಅದಿರು ತುಂಬುವ ರೈಲಿನ ಸೈಡಿಂಗಿಗೂ ಓಡಬೇಕಾದ ಗಾಡಿ ಹೊಸಪೇಟೆಗೆ ಬಂತು. ಸಿಗ್ನಲ್ಲಿನಲ್ಲಿ ಕೆಂಪು ಬಿದ್ದಾಗ ನಿಂತಿತು, ಹಸಿರು ಬಿದ್ದಾಗ ಹೊರಟಿತು. ಕಮಲಾಪುರದಲ್ಲಿ ಅವನು ಇಳಿದು ಚಹಾ ಕುಡಿದ. ಹೆಂಗಸರ ಗಾಡಿ ಇವತ್ತು ಯಾವ ಕಡೆ ಎಂದು ಯಾರನ್ನೋ ಕೇಳಿದ. ಕಂಪ್ಲಿ ದಾರಿಯ ತಿರುವಿನಲ್ಲಿ ಟಿಪ್ಪರನ್ನು ಮರದ ನೆರಳಿಗೆ ನಿಲ್ಲಿಸಿಕೊಂಡು ಕಾದ. ಟಂಟಂ ಬಂತು. ದುರ್ಗಕ್ಕ ಸತ್ತಳು, ಜಂಬವ್ವ ಸತ್ತಳು, ಇನ್ನೂ ಮೂವರು ಸತ್ತರು. ಸುಮಂಗಲಾಳ ಸೊಂಟದ ಮೂಳೆ ಮುರಿದು ಕೂಡಿತು, ನಡಿಗೆ ಕೂಡಲಿಲ್ಲ. ಗಂಗೋತ್ರಿ ಅಂದು ಜ್ವರವೆಂದು ಮನೆಯಲ್ಲಿ ಉಳಿದಿದ್ದಳು.

ಅವನ ವಕೀಲರು ತಲೆ ಕೆಟ್ಟಿತ್ತು ಎಂದರು. ಟಿವಿಯವರು ಹುಚ್ಚ ಎಂದರು. ಗುಂಪಿನಲ್ಲಿ ನಕ್ಕಿದ್ದವರೂ, ಪಾಪ, ಹುಚ್ಚು ಹಿಡಿದಿತ್ತು ಎಂದರು. ಹುಚ್ಚು ಸಿಗ್ನಲ್ಲಿಗೆ ನಿಲ್ಲುತ್ತದೆಯೇ? ಹೆಂಗಸರ ಗಾಡಿಯ ದಾರಿ ವಿಚಾರಿಸಿಕೊಂಡು, ನೆರಳು ನೋಡಿಕೊಂಡು ಕಾಯುತ್ತದೆಯೇ? ಹೀಗೆ ಕೇಳುವವರು ಬುಕ್ಕಸಾಗರದ ಹೊರಗೆ ಹೆಚ್ಚು ಮಂದಿ ಇರಲಿಲ್ಲ. ಹುಚ್ಚು ಎಂದುಬಿಟ್ಟರೆ ಎಲ್ಲರಿಗೂ ಸಲೀಸು. ಅದು ಒಬ್ಬನ ತಲೆಯೊಳಗೆ ಇರುತ್ತದೆ, ಅವನನ್ನು ಒಳಗೆ ಹಾಕಿ ಬಾಗಿಲು ಮುಚ್ಚಿದರೆ ಮುಗಿಯಿತು. ದ್ವೇಷ ಎಂದರೆ ನಕ್ಕವರ ಮನೆಯ ಬಾಗಿಲನ್ನೂ ತಟ್ಟಬೇಕಾಗುತ್ತದೆ.

ನಿಜವಾಗಿ ತಲೆಯ ಕಾಯಿಲೆ ಇದ್ದದ್ದು ಗಂಗೋತ್ರಿಗೆ. ಊರಿಗೆಲ್ಲ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ಕಿವಿಯೊಳಗೆ ಮಾತುಗಳು ಶುರುವಾದವು. ಗಂಡ ಬಿಟ್ಟುಹೋದ. ತನ್ನ ಗಂಡ ಸತ್ತು ಮಗಳೊಂದಿಗೆ ತವರಿಗೆ ಬಂದಿದ್ದ ದುರ್ಗಕ್ಕ ಅವಳನ್ನು ಬಳ್ಳಾರಿಯ ಆಸ್ಪತ್ರೆಗೆ ಒಯ್ದು ತೋರಿಸಿದಳು. ಗುಳಿಗೆ ಹತ್ತಿತು, ಮಾತುಗಳು ಅಡಗಿದವು. ಅಲ್ಲಿಂದ ಈಚೆಗೆ ಗಂಗೋತ್ರಿ ಯಾರ ಮೇಲೂ ಕೈ ಎತ್ತಿದವಳಲ್ಲ, ಗುಳಿಗೆ ತಪ್ಪಿಸಿದವಳಲ್ಲ. ಅಕ್ಕ ಸತ್ತ ಮೇಲೆ ಅಕ್ಕನ ಮಗಳು ಸ್ನೇಹಾಳನ್ನು ಸಾಕುತ್ತಿದ್ದವಳು ಅವಳೇ. ಹುಡುಗಿಗೆ ಹದಿಮೂರು. ಚಿಕ್ಕಮ್ಮನ ಮಗ್ಗುಲಲ್ಲದೆ ಬೇರೆಲ್ಲೂ ಮಲಗುತ್ತಿರಲಿಲ್ಲ.

ಚಿತ್ರ ಮಾಡಿದ ವಿಜಯಕುಮಾರ್ ಪರಕೀಯನೇನಲ್ಲ. ಹೊಸಪೇಟೆಯ ಕಾಲೊನಿಯ ಹುಡುಗ. ಅಲ್ಲಿನ ಯೂನಿಯನ್ ಆಫೀಸಿನಲ್ಲಿ ಭಾನುವಾರ ಓದು ಬಳಗ ಸೇರುತ್ತಿತ್ತು. ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಜಗಳಾಡುವುದು. ದುರ್ಗಕ್ಕ ತಂಗಿಯನ್ನೂ ಕರೆದುಕೊಂಡು ಅಲ್ಲಿಗೆ ಹೋಗುತ್ತಿದ್ದಳು. ಓದುವ ಹುಡುಗ ವಿಜಯಕುಮಾರ್. ಆಮೇಲೆ ಅವನು ಹೊರಗೆ ಹೋಗಿ ಸಿನಿಮಾ ಕಲಿತ, ಓಟಿಟಿಯವರಿಗೆ ಚಿತ್ರ ಮಾಡಿಕೊಡುವಷ್ಟು ಬೆಳೆದ. ದುರ್ಗಕ್ಕನ ಕಥೆ ಮಾಡುತ್ತೇನೆ ಎಂದು ಕ್ಯಾಮೆರಾ ಹಿಡಿದು ಬಂದಾಗ ನಮ್ಮ ಹುಡುಗ ಎಂದು ಬಾಗಿಲು ತೆರೆದರು.

ಬಂದವನಿಗೆ ಮೊದಲು ಬೇಕಾದದ್ದು ಅಳು. ಸಮಾಧಿಯ ಮೇಲೆ ಎಡೆ ಇಡುವುದು, ತಾಯಿಯೋ ತಂಗಿಯೋ ಬಿದ್ದು ಹೊರಳುವುದು, ಅಂಥದ್ದು. ಗಂಗೋತ್ರಿಯ ಅಪ್ಪ ಉಚ್ಚೆಂಗಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡ ಮನುಷ್ಯ, ಮನೆಯಲ್ಲಿ ಬುದ್ಧ ಮತ್ತು ಬಾಬಾಸಾಹೇಬರ ಪಟ. ನಾವು ಎಡೆ ಇಡುವುದನ್ನು ಬಿಟ್ಟು ಭಾಳ ವರ್ಷವಾಯಿತು ತಮ್ಮಾ, ಅವಳ ನೆನಪಿಗೆ ಬೇವಿನ ಸಸಿ ನೆಟ್ಟಿದ್ದೇವೆ ಎಂದು ತೋರಿಸಿದ. ಸಸಿಯನ್ನು ಸ್ವಲ್ಪ ಹೊತ್ತು ಚಿತ್ರಿಸಿಕೊಂಡರು. ಅದು ಅಳಲಿಲ್ಲ.

ಆಮೇಲೆ ವಿಜಯಕುಮಾರ್ ಗಂಗೋತ್ರಿಯ ಮುಂದೆ ಕುಳಿತ. ಕಾಯಿಲೆಯ ಬಗ್ಗೆ ಮಾತಾಡು, ನಿನ್ನಂಥ ಎಷ್ಟೋ ಮಂದಿಗೆ ಧೈರ್ಯ ಬರುತ್ತದೆ ಎಂದ. ಊರಿನಲ್ಲಿ ಬೇರೆ ಯಾರನ್ನು ಕೇಳಿದ್ದರೂ ಇಂಥ ಕಾಯಿಲೆಗೆ ಸ್ವಲ್ಪ ಗ್ಯಾಸ್ ಟ್ರಬಲ್ ಎಂದು ಹೇಳಿ ಎದ್ದುಹೋಗುತ್ತಿದ್ದರು. ಈ ಮನೆಯಲ್ಲಿ ದಿನಾ ಬೆಳಿಗ್ಗೆ ಪಂಚಶೀಲ ಹೇಳುತ್ತಾರೆ. ಸುಳ್ಳು ಹೇಳುವುದಿಲ್ಲ ಎಂಬುದು ಅದರಲ್ಲೊಂದು. ಕೇಳಿದ ಮೇಲೆ ಹೇಳಬೇಕು, ಹೇಳುವುದಾದರೆ ಪೂರಾ ಹೇಳಬೇಕು ಎಂಬುದು ಗಂಗೋತ್ರಿಯ ತಿಳಿವಳಿಕೆ. ಕೇಳುವವನಿಗೂ ಅದೇ ಕಟ್ಟಳೆ ಇದೆ ಎಂದುಕೊಂಡಳು.

ಎಲ್ಲ ಹೇಳಿದಳು. ಕಿವಿಯೊಳಗಿನ ಮಾತುಗಳು ತನ್ನನ್ನು ಹೊಳೆಗೆ ದೂಡಿದ ಬೆಳಗನ್ನು ಹೇಳಿದಳು. ರೊಟ್ಟಿ ತಟ್ಟುತ್ತಿದ್ದ ದುರ್ಗಕ್ಕ ಹಿಟ್ಟಿನ ಕೈಯಲ್ಲೇ ಓಡಿಬಂದು, ಸೊಂಟದ ಮಟ್ಟ ನೀರಿಗಿಳಿದು, ಕೂದಲು ಹಿಡಿದು ಎಳೆದು ದಡಕ್ಕೆ ಹಾಕಿ ಕೆನ್ನೆಗೆ ಬಾರಿಸಿದ್ದನ್ನು ಹೇಳಿದಳು. ಇಬ್ಬರೂ ಒದ್ದೆಯಾಗಿ ಬಂಡೆಯ ಮೇಲೆ ಕೂತಾಗ, ನೀ ಸತ್ತರೆ ನನ್ನ ಜೊತೆ ಜಗಳಾಡಲು ಯಾರಿದ್ದಾರೆ ಎಂದು ಅಕ್ಕ ಅತ್ತದ್ದನ್ನು ಹೇಳುವಾಗ ಗಂಗೋತ್ರಿ ನಕ್ಕೂ ಇದ್ದಳು. ಕ್ಯಾಮೆರಾ ಉದ್ದಕ್ಕೂ ಓಡಿತ್ತು. ಚಿತ್ರಕ್ಕೆ ಹೋದದ್ದು ಹೊಳೆಯ ಹೆಸರು ಬರುವುದಕ್ಕೆ ಮುಂಚಿನ ನಾಕು ಮಾತು.

ನಾಟಿ ಮುಗಿಸಿ ಮನೆಗೆ ಬಂದರೆ ಕಟ್ಟೆಯ ಮೇಲೆ ದೊಡ್ಡಬಸಪ್ಪ ಕುಳಿತಿದ್ದ. ದುರ್ಗಕ್ಕನ ಗಂಡನ ಅಣ್ಣ, ಪಾಪಿನಾಯಕನಹಳ್ಳಿಯವನು. ಬೈಕಿನ ಹ್ಯಾಂಡಲಿಗೆ ಹುಡುಗಿಗೆಂದು ತಂದ ಶೇಂಗಾದ ಚೀಲ. ಕೆಟ್ಟವನಲ್ಲ. ತಮ್ಮನ ಮಗಳೆಂದು ಹಬ್ಬಕ್ಕೊಮ್ಮೆ ಬಟ್ಟೆ ತರುವವನು. ಗಂಗೋತ್ರಿಯತ್ತ ನೋಡದೆ ಉಚ್ಚೆಂಗಪ್ಪನೊಡನೆಯೇ ಮಾತಾಡಿದ.

“ಅವನಿಗೆ ಬಂದಿದ್ದ ಕಾಯಿಲಿನ ಈಕಿಗೂ ಐತಿ ಅಂತ ಈಕಿನ ಹೇಳ್ಯಾಳಲ್ಲ ಮಾವ, ಫೋನಿನಾಗ. ನಾ ಹೇಳಿದ್ದಲ್ಲ.”

ಉಚ್ಚೆಂಗಪ್ಪ, ಅದು ಹಾಗಲ್ಲ, ಕತ್ತರಿಸಿ ಅಂಟಿಸಿದ್ದಾರೆ ಎಂದು ವಿವರಿಸಲು ನೋಡಿದ. ದೊಡ್ಡಬಸಪ್ಪ ತಲೆಯಾಡಿಸುತ್ತಲೇ ಇದ್ದ. ಭಾನುವಾರ ಹೊಸಪೇಟೆಯಲ್ಲಿ ಪೂರಾ ಚಿತ್ರ ತೋರಿಸುತ್ತಾರಂತೆ, ನಮ್ಮ ಬೀಗರು ನೆಂಟರೆಲ್ಲ ಬರುತ್ತಾರೆ, ಆ ಧ್ವನಿ ಅದರಲ್ಲಿ ಇರಲಿಲ್ಲವೆಂದರೆ ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ, ಇದ್ದರೆ ಸೋಮವಾರ ಹುಡುಗಿಯನ್ನು ಕರೆದುಕೊಂಡು ಹೋಗುತ್ತೇನೆ ಎಂದ. ಏಳುವಾಗ ಒಮ್ಮೆ ಗಂಗೋತ್ರಿಯನ್ನು ನೋಡಿದ. “ಸಿಟ್ಟಾಗಬ್ಯಾಡವ್ವ. ಅಂಜಿಕಿ ಆಗ್ತೈತಿ. ಒಂದು ಹೋಗೈತಿ, ಇದೊಂದರ ಉಳೀಲಿ.”

ಒಳಗೆ ಸ್ನೇಹಾ ಎಲ್ಲ ಕೇಳಿಸಿಕೊಂಡಿದ್ದಳು. ಶೇಂಗಾದ ಚೀಲವನ್ನು ಬಿಚ್ಚಲಿಲ್ಲ.

ಮರುದಿನ ಕೆಲಸ ಬಿಟ್ಟು ಗಂಗೋತ್ರಿ, ಸುಮಂಗಲಾ ಇಬ್ಬರೂ ಹೊಸಪೇಟೆಯ ಬಸ್ಸು ಹತ್ತಿದರು. ವಿಜಯಕುಮಾರ್ ಸ್ಟೇಷನ್ ರಸ್ತೆಯ ಹಿಂದೆ ಒಂದು ಮನೆ ಬಾಡಿಗೆಗೆ ಹಿಡಿದು ಅಲ್ಲೇ ಎಡಿಟಿಂಗ್ ಮಾಡುತ್ತಿದ್ದ. ಕಿಟಕಿಗಳಿಗೆ ಕಪ್ಪು ಬಟ್ಟೆ. ಗೋಡೆಯ ಮೇಲೆ ಬಣ್ಣದ ಚೀಟಿಗಳು: ಕೊಂದವನ ಬಾಲ್ಯ, ಅವನ ತಾಯಿ, ಅವನ ಒಂಟಿತನ. ದುರ್ಗಕ್ಕನ ಹೆಸರಿನದು ಒಂದೇ ಚೀಟಿ.

ಅವರನ್ನು ಕಂಡು ವಿಜಯಕುಮಾರ್ ಕುರ್ಚಿ ಒರೆಸಿದ, ನೀರು ಕೊಟ್ಟ, ಚಹಾ ತರಿಸಿದ. ಮನೆಯವರೆಲ್ಲ ಹೇಗಿದ್ದಾರೆ ಎಂದ. ಗಂಗೋತ್ರಿ ಚಹಾ ಮುಟ್ಟದೆ ಬಂದ ಕೆಲಸ ಹೇಳಿದಳು. ನನ್ನ ಧ್ವನಿ ತೆಗಿ. ಅದು ಇದ್ದರೆ ಹುಡುಗಿ ಹೋಗುತ್ತಾಳೆ.

ವಿಜಯಕುಮಾರ್ ಬಹಳ ಹೊತ್ತು ಸಮಾಧಾನದಿಂದ ಮಾತಾಡಿದ. ಕ್ಯಾಮೆರಾದ ಮುಂದೆ ನೀನೇ ಒಪ್ಪಿಗೆ ಹೇಳಿದ್ದೀ ಎಂದ. ಚಿತ್ರ ಮುಗಿದು ಬೀಗ ಬಿದ್ದಿದೆ, ಒಂದು ಮಾತು ತೆಗೆದರೆ ಸಂಗೀತವೂ ಚಿತ್ರವೂ ಕಳಚಿಬೀಳುತ್ತವೆ ಎಂದ. ಜನಕ್ಕೆ ಮಾನಸಿಕ ಕಾಯಿಲೆಯ ಬಗ್ಗೆ ಕರುಣೆ ಬರಲಿ ಎಂದೇ ಮಾಡಿದ್ದು ಎಂದ. ಅವನ ಕಣ್ಣಲ್ಲಿ ಸುಳ್ಳು ಇರಲಿಲ್ಲ. ಅದೇ ಗಂಗೋತ್ರಿಗೆ ಹೆದರಿಕೆ ಹುಟ್ಟಿಸಿದ್ದು.

“ಕರುಣಾ ಯಾರ ಮ್ಯಾಲ ಬರಬೇಕು?” ಎಂದಳು.

“ಎಲ್ಲಾರ ಮ್ಯಾಲೂ ಯಕ್ಕಾ.”

“ಎಲ್ಲಾರಂದ್ರ ಅವನೂ ಬಂದ್ನಲ್ಲ. ನಮ್ಮಕ್ಕನ ಲೈನ್ಯಾಗ ಅವನ್ನೂ ನಿಂದ್ರಿಸಿದಿ.”

ಅವನು ಜೈಲಿನಲ್ಲಿ ಮಾತಾಡಲು ಒಪ್ಪಲಿಲ್ಲ, ವಕೀಲರು ಬಿಡಲಿಲ್ಲ ಎಂದು ವಿಜಯಕುಮಾರ್ ಹೇಳಿದ. ಮುಖ ಇತ್ತು, ಧ್ವನಿ ಇರಲಿಲ್ಲ. ಅವನ ತಲೆಯೊಳಗೆ ಏನಾಗಿರಬಹುದು ಎಂದು ನೋಡುವವನಿಗೆ ತಿಳಿಸಬೇಕಿತ್ತು. ಅದಕ್ಕೇ.

ಸುಮಂಗಲಾ ಫೋನು ತೆಗೆದಳು. “ಅವನ ಧ್ವನಿ ಇರಲಿಲ್ಲ ಅಂತೀಯಲ್ಲೋ, ಇದು ಯಾರದು?” ಎಂದು ಒತ್ತಿದಳು. ಕಪ್ಪು ಬಟ್ಟೆಯ ಕೋಣೆಯಲ್ಲಿ ಅವನು ಮಾತಾಡಿದ. ಆರಾಮಾಗಿ, ಎಲೆ ಅಡಿಕೆ ಜಗಿಯುತ್ತ, ಮಾತಿನ ನಡುವೆ ಯಾರಿಗೋ ಡೀಸೆಲ್ ಎಷ್ಟು ಹಾಕಿಸಿದೆ ಎಂದು ಕೇಳುತ್ತ, ಮತ್ತೆ ಹೆಂಗಸರನ್ನು ಚಕ್ರದ ಕೆಳಗೆ ಹಾಕುವ ಮಾತಿಗೆ ಮರಳುತ್ತ. ಅವನ ಹಿಂದೆ ನಾಕಾರು ಗಂಡಸರ ನಗು. ವಿಜಯಕುಮಾರ್ ಇದನ್ನು ಮೊದಲೇ ಕೇಳಿದ್ದ. ಸುಮಂಗಲಾಳೇ ಕೇಳಿಸಿದ್ದಳು.

ಅದನ್ನು ಹಾಕಿದ್ದೆ ಎಂದ. ಓಟಿಟಿಯವರು ತೆಗೆಸಿದರಂತೆ. ಹೆಣ್ಣನ್ನು ನಿಂದಿಸುವ ಮಾತು ನಮ್ಮ ನಿಯಮಕ್ಕೆ ವಿರುದ್ಧ, ನೋಡುವವರಿಗೆ ಮನಸ್ಸು ಕೆಡುತ್ತದೆ ಎಂದರಂತೆ.

“ಬೈಯ್ಯೋದು ತೋರಿಸಬಾರದು, ಕೊಲ್ಲೋದು ತೋರಿಸಬಹುದು. ಮಸ್ತ್ ಐತಿ ನಿಯಮ” ಎಂದಳು ಸುಮಂಗಲಾ.

ವಿಜಯಕುಮಾರ್ ಹಣೆ ಉಜ್ಜಿಕೊಂಡ. ಆಮೇಲೆ ಏನೋ ಹೊಳೆದವನಂತೆ ಕಂಪ್ಯೂಟರಿನತ್ತ ತಿರುಗಿ, ಒಂದು ದಾರಿ ಇದೆ, ನಿನ್ನ ಗುರುತೇ ಸಿಗದ ಹಾಗೆ ಮಾಡಬಹುದು ಎಂದ. ಧ್ವನಿಯ ಗೆರೆಗಳನ್ನು ಆರಿಸಿ ಒಂದು ಗುಂಡಿಯನ್ನು ಕೆಳಗೆ ಎಳೆದ. ಸ್ಪೀಕರಿನಿಂದ ಗಂಗೋತ್ರಿಯ ಮಾತು ಬಂತು. ದನಿ ದಪ್ಪಗಾಗಿತ್ತು, ಭಾರವಾಗಿತ್ತು. ಹೋಗು ಹೋಗು ಅಂತಿದ್ವು. ನಿಲ್ಲಾಕ ಬಿಡ್ತಿರಲಿಲ್ಲ. ಪರದೆಯ ಮೇಲೆ ಅವನ ಮುಖ. ಈಗ ಹೆಂಗಸು ಎಲ್ಲೂ ಉಳಿದಿರಲಿಲ್ಲ. ಒಬ್ಬ ಗಂಡಸು ತನ್ನ ಸಂಕಟವನ್ನು ತಾನೇ ಹೇಳಿಕೊಳ್ಳುತ್ತಿದ್ದ, ಕೇಳಿದವರ ಎದೆ ಕರಗುವ ಹಾಗೆ.

“ಯಾರಿಗೂ ಗೊತ್ತಾಗಂಗಿಲ್ಲ ಯಕ್ಕಾ. ದೊಡ್ಡಬಸಪ್ಪಗೂ. ಹುಡುಗಿ ನಿನ್ನ ಹತ್ರನ ಇರ್ತಾಳ. ಆ ಜಾಹೀರಾತೂ ತೆಗೆಸ್ತೀನಿ.”

ಸುಮಂಗಲಾ ಗಂಗೋತ್ರಿಯ ಕೈ ಹಿಡಿದಳು. ಕ್ಯಾಮೆರಾಕ್ಕೆ ಹೇಳುವ ಮುಂಚೆ ಆ ಮಾತುಗಳನ್ನು ಗಂಗೋತ್ರಿ ಯಾರಿಗೂ ಹೇಳಿರಲಿಲ್ಲ, ಅಕ್ಕನಿಗೆ ಬಿಟ್ಟು. ಕಾಯಿಲೆಯೊಳಗಿಂದ ಒಂದೊಂದಾಗಿ ಹೊರಗೆ ತಂದ ಮಾತು. ನಾಳೆ ಸಂಜೆಯೊಳಗೆ ತಿಳಿಸು, ಆಮೇಲೆ ನನ್ನ ಕೈಯಲ್ಲಿಲ್ಲ ಎಂದ ವಿಜಯಕುಮಾರ್. ಬಾಗಿಲವರೆಗೂ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಸುಮಂಗಲಾಳಿಗೆ ತೋಳು ಆಸರೆ ಕೊಟ್ಟ.

ಬಸ್ಸಿನಲ್ಲಿ ಸುಮಂಗಲಾ, ಒಪ್ಪಿಕೊ ಎಂದಳು. ಅವನು ಸಾಯುವವರೆಗೂ ಜೈಲಿನಲ್ಲೇ ಇರಲಿ, ಬಿಡಲಿ, ನಮ್ಮ ಐದು ಮಂದಿ ಎದ್ದು ಬರುವುದಿಲ್ಲ. ಹುಡುಗಿ ಜೀವಂತ ಇದ್ದಾಳೆ. ಅವಳನ್ನು ಉಳಿಸಿಕೊ. ಸಿನಿಮಾದವರ ಮಾತು ಎರಡು ದಿನ, ಆಮೇಲೆ ಮಂದಿ ಬೇರೆ ನೋಡುತ್ತಾರೆ. ಕಮಲಾಪುರದಲ್ಲಿ ಹಂಪಿ ನೋಡಿ ಬಂದ ಪ್ರವಾಸಿಗಳ ಗುಂಪೊಂದು ಹತ್ತಿತು. ಬ್ಯಾಗುಗಳಿಗೆ ಜಾಗ ಮಾಡಿಕೊಡುತ್ತ ಇಬ್ಬರೂ ಮಾತು ನಿಲ್ಲಿಸಿದರು.

ಗಂಗೋತ್ರಿ ಆ ರಾತ್ರಿಯೂ ಮರುದಿನವೂ ಅದನ್ನೇ ತಿರುವಿ ತಿರುವಿ ನೋಡಿದಳು. ಒಪ್ಪಿದರೆ ಸ್ನೇಹಾ ಇಲ್ಲಿ. ಒಪ್ಪಿದರೆ ಅವನಿಗೆ ಧ್ವನಿ. ಅವನು ಬಾಯಿ ಬಿಡದೆಯೇ ಕಣ್ಣೀರು ಬರಿಸುವ ಮಾತು ಅವನದಾಗುತ್ತದೆ, ನಾಳೆ ಕೋರ್ಟಿನ ಹೊರಗೆ, ಚಹಾದಂಗಡಿಯಲ್ಲಿ, ಪಾಪ ಅವನ ಬಾಯಿಂದಲೇ ಕೇಳಿದೆವು ಎನ್ನುತ್ತಾರೆ. ದುರ್ಗಕ್ಕನ ಕೈ ತನ್ನನ್ನು ನೀರಿನಿಂದ ಎಳೆದು ತಂದಿತ್ತು. ಆ ದಾರಿಯಲ್ಲಿ ಈಗ ಅವಳನ್ನು ಕೊಂದವನು ನಡೆಯುತ್ತಾನೆ. ಅಪ್ಪನನ್ನು ಕೇಳಿದಳು. ಉಚ್ಚೆಂಗಪ್ಪ ಹೆಚ್ಚು ಮಾತಾಡದೆ, “ಎರಡೂ ತಪ್ಪ ಐತವ್ವ. ಯಾವ ತಪ್ಪನ್ನ ಹೊರಾಕಾಗ್ತೈತೋ ಅದನ್ನ ಹೊರು” ಎಂದ.

ಸಂಜೆ ವಿಜಯಕುಮಾರನಿಗೆ ಫೋನು ಮಾಡಿದಳು. “ತೆಗಿಯೂದಾದ್ರ ತೆಗಿ. ಇಲ್ಲಂದ್ರ ನನ್ನ ಧ್ವನಿ ನನ್ನ ಧ್ವನಿನ ಇರ್ಲಿ. ಅದನ್ನ ಗಂಡಸು ಮಾಡಿ ಅವನಿಗೆ ಕೊಡಬ್ಯಾಡ.”

ಅವನು ತೆಗೆಯಲಿಲ್ಲ.

ಭಾನುವಾರ ಸಭಾಂಗಣ ತುಂಬಿತ್ತು. ಕಾಲೇಜಿನ ಮಕ್ಕಳು, ಓದು ಬಳಗದವರು, ಪತ್ರಿಕೆಯವರು. ನಡುವಿನ ಸಾಲಿನಲ್ಲಿ ದೊಡ್ಡಬಸಪ್ಪ ಮತ್ತು ಅವನ ನೆಂಟರು. ಸ್ನೇಹಾಳನ್ನು ಅವನು ಬರಗೊಟ್ಟಿರಲಿಲ್ಲ. ಹಿಂದಿನ ಸಾಲಿನಲ್ಲಿ ಉಚ್ಚೆಂಗಪ್ಪ, ಸುಮಂಗಲಾ, ಗಂಗೋತ್ರಿ, ಗ್ಯಾಂಗಿನ ಕೆಲವು ಹೆಂಗಸರು. ಪಕ್ಕದ ಗೋಡೆಗೆ ಒಂದು ಕ್ಯಾಮೆರಾ, ಜನರ ಮುಖ ಹಿಡಿಯಲು.

ದೀಪ ಆರಿತು. ಹಂಪಿಯ ಬಂಡೆಗಳ ಮೇಲಿಂದ ಹಕ್ಕಿಯಂತೆ ಹಾರುವ ಚಿತ್ರ, ಕೊಳಲು. ಸಂಡೂರಿನ ಕಾಡು, ಕೆತ್ತಿದ ಗುಡ್ಡ. ಅವನು ಮಗುವಾಗಿದ್ದಾಗಿನ ಫೋಟೊ. ಅವನ ತಾಯಿ ಅಳುತ್ತ, ನನ್ನ ಮಗ ಇರುವೆಯನ್ನೂ ತುಳಿದವನಲ್ಲ ಎಂದಳು. ಅವನ ಶಾಲೆ, ಅವನ ಮುರಿದ ಸೈಕಲ್ಲು, ಗಣಿಯ ಧೂಳಿನಲ್ಲಿ ಅವನ ಉದ್ದನೆಯ ಹಗಲುಗಳು. ಸತ್ತ ಐವರು ಒಂದೇ ಫೋಟೊದಲ್ಲಿ ಬಂದು ಹೋದರು, ಯಾರದೋ ಮದುವೆಯಲ್ಲಿ ತೆಗೆದದ್ದು. ದುರ್ಗಕ್ಕನ ಮುಖದ ಅರ್ಧ ಇನ್ನೊಬ್ಬಳ ಮುಡಿಯ ದಪ್ಪ ಹೂಮಾಲೆಯ ಹಿಂದೆ. ಜಂಬವ್ವ ಹೆಂಡತಿ ಎಂಬ ಒಂದು ಪದವಾಗಿದ್ದಳು. ಅವಳು ಯಾಕೆ ಮನೆ ಬಿಟ್ಟಳೆಂದು ಚಿತ್ರಕ್ಕೆ ತಿಳಿದಿರಲಿಲ್ಲ.

ಆಮೇಲೆ ಮುಂಗಾಜು, ರಸ್ತೆ. ಆ ಮುಖ. ಹೋಗು ಹೋಗು ಅಂತಿದ್ವು.

ಗಂಗೋತ್ರಿ ಎದ್ದು ನಿಂತಳು. ಎದ್ದು ನಿಲ್ಲುತ್ತೇನೆಂದು ಮೊದಲೇ ಯೋಚಿಸಿರಲಿಲ್ಲ. ಸ್ಪೀಕರಿನೊಳಗಿನ ತನ್ನ ಧ್ವನಿಯ ಮೇಲೆಯೇ ಮಾತಾಡಿದಳು.

“ಅದು ನನ್ನ ಧ್ವನಿ. ಗಂಗೋತ್ರಿ ನಾನು, ಬುಕ್ಕಸಾಗರದಾಕಿ. ನಾ ಹೊಂಟಿದ್ದು ಹೊಳಿಗೆ, ಸಾಯಾಕ. ಯಾರನ್ನೂ ಕೊಲ್ಲಾಕಲ್ಲ. ನೀರಿನಾಗಿಂದ ನನ್ನ ಎಳಕೊಂಡು ಬಂದಾಕಿ ದುರ್ಗಕ್ಕ. ಆಕಿನ್ನ ಇವ ಕೊಂದ. ಇವನ ಧ್ವನಿ ಬೇಕಂದ್ರ ಬ್ಯಾರೆ ಐತಿ, ಕೇಳ್ರಿ.”

ಸುಮಂಗಲಾ ಫೋನು ಎತ್ತಿ ಹಿಡಿದು ಒತ್ತಿದಳು. ಸಭಾಂಗಣದ ಸ್ಪೀಕರುಗಳಲ್ಲಿ ಕೊಳಲು ಏರುತ್ತಿತ್ತು. ಫೋನಿನ ನಗು ಹತ್ತಿರದ ಎರಡು ಸಾಲಿಗಷ್ಟೇ ಕೇಳಿಸಿತು. ಯಾರೋ ಶ್ಶ್ ಎಂದರು. ಕುಂದ್ರಮ್ಮ, ಆಮೇಲೆ ಚರ್ಚೆ ಐತಿ ಎಂದರು. ಕತ್ತಲೆಯಲ್ಲಿ ಒಬ್ಬ ಗಂಡಸು, “ಇವತ್ತಿನ ಗುಳಿಗಿ ಮರ್ತಾಳ ಕಾಣ್ತೈತಿ” ಎಂದ. ಅಲ್ಲಲ್ಲಿ ನಗೆ ಎದ್ದಿತು. ಗೋಡೆಯ ಪಕ್ಕದ ಕ್ಯಾಮೆರಾ ಅವಳತ್ತ ತಿರುಗಿ, ಅದರ ಕೆಂಪು ಚುಕ್ಕೆ ಅವಳ ಮೇಲೆಯೇ ನಿಂತಿತು.

ಚಿತ್ರ ಮುಗಿದಾಗ ಚಪ್ಪಾಳೆ ಬಿತ್ತು. ವೇದಿಕೆಯ ಮೇಲೆ ಕುರ್ಚಿ ಹಾಕಿ ಮಾನಸಿಕ ಆರೋಗ್ಯದ ಅರಿವು ಎಂಬ ವಿಷಯದ ಮೇಲೆ ಮಾತಾಡಿದರು. ಹಳ್ಳಿಗಳಲ್ಲಿ ಇಂಥವರನ್ನು ಗುರುತಿಸದೆ ಬಿಟ್ಟರೆ ಇಂಥ ದುರಂತಗಳು ಆಗುತ್ತವೆ ಎಂದರು. ಇಂಥವರು ಎನ್ನುವಾಗ ಕೆಲವರು ಹಿಂದಿನ ಸಾಲಿಗೆ ತಿರುಗಿ ನೋಡಿದರು. ಡ್ರೈವರುಗಳ ಗುಂಪಿನ ಬಗ್ಗೆ, ಠಾಣೆಯ ಬಗ್ಗೆ ಯಾರೂ ಕೇಳಲಿಲ್ಲ. ಓದು ಬಳಗದ ಒಬ್ಬ ಹಿರಿಯರು ಮೈಕಿಗೆ ಕೈ ಚಾಚಿದರು, ಸಮಯ ಮುಗಿಯಿತು ಎಂದರು.

ಹೊರಗೆ ವಿಜಯಕುಮಾರ್ ಓಡಿಬಂದ. ಅವನ ಕಣ್ಣುಗಳು ಹೊಳೆಯುತ್ತಿದ್ದವು.

“ಯಕ್ಕಾ, ನೀ ಎದ್ದು ನಿಂತಿದ್ದು ಭಾಳ ಪವರ್‌ಫುಲ್ ಬಂದೈತಿ. ಅದನ್ನ ಚಿತ್ರದ ಕೊನಿಗೆ ಹಾಕಬೇಕಂತೀನಿ.”

“ಪೂರಾ ಹಾಕ್ತೀಯೇನು?”

“ಸ್ವಲ್ಪ ಟ್ರಿಮ್ ಮಾಡಬೇಕಾಗ್ತೈತಿ.”

ಗಂಗೋತ್ರಿ ಅವನನ್ನು ನೋಡಿದಳು. ಭಾನುವಾರಗಳಲ್ಲಿ ಪುಸ್ತಕ ಮುಖದ ಹತ್ತಿರ ಹಿಡಿದು ಗಟ್ಟಿಯಾಗಿ ಓದುತ್ತಿದ್ದ ಹುಡುಗ. ಒಂದು ಸಾಲು ಬಿಟ್ಟು ಓದಿದರೂ ದುರ್ಗಕ್ಕ ಹಿಡಿಯುತ್ತಿದ್ದಳು. ಬ್ಯಾಡ ಎಂದು ಹೇಳಿ ನಡೆದಳು. ಅವನು ಹಾಕುತ್ತಾನೆಂದು ಅವಳಿಗೆ ಗೊತ್ತಿತ್ತು.

ದೊಡ್ಡಬಸಪ್ಪ ಗೇಟಿನ ಹತ್ತಿರ ಕಾದಿದ್ದ. ಈ ಸಲ ನೇರವಾಗಿ ಅವಳಿಗೇ ಹೇಳಿದ. ಚಿತ್ರದಲ್ಲಿ ಏನಿದೆಯೋ ಬಿಡು, ಅದನ್ನು ಕತ್ತರಿಸಿದರೋ ಅಂಟಿಸಿದರೋ ನನಗೆ ತಿಳಿಯುವುದಿಲ್ಲ, ಆದರೆ ನನ್ನ ಕಣ್ಣಾರೆ ನೋಡಿದೆ. ಅಷ್ಟು ಮಂದಿಯ ನಡುವೆ ಕತ್ತಲಲ್ಲಿ ಎದ್ದು ನಿಂತು ಮಾತಾಡಿದೆಯಲ್ಲ. ತಲೆ ಸರಿ ಇರುವ ಯಾವ ಹೆಂಗಸು ಹಾಗೆ ಮಾಡುತ್ತಾಳೆ ಹೇಳು.

ಸುಮಂಗಲಾ ಜಗಳಕ್ಕೇ ಬಿದ್ದಳು, ಹೆಂಗಸು ಎದ್ದು ನಿಂತರೆ ಹುಚ್ಚು, ಗಂಡಸು ಗಾಡಿ ಹಾಯಿಸಿದರೂ ಹುಚ್ಚು, ಒಂದೇ ಔಷಧಿ ಏನೋ ನಿಮ್ಮೂರಲ್ಲಿ ಎಂದು. ದೊಡ್ಡಬಸಪ್ಪ ಜಗಳ ಆಡಲಿಲ್ಲ. ಬೆಳಿಗ್ಗೆ ಬರುತ್ತೇನೆ ಎಂದ.

ಬೆಳಿಗ್ಗೆ ಬಂದ. ನೆಂಟರೊಬ್ಬರ ಕಾರು ತಂದಿದ್ದ. ಸ್ನೇಹಾಳ ಬಟ್ಟೆಗಳನ್ನು ಗಂಗೋತ್ರಿಯೇ ಮಡಚಿ ಚೀಲಕ್ಕೆ ಹಾಕಿದಳು, ಶಾಲೆಯ ಪುಸ್ತಕಗಳನ್ನು ಬೇರೆ ಕಟ್ಟಿದಳು. ಹುಡುಗಿ ಗೋಡೆಗೆ ಒರಗಿ ನಿಂತು ಚಿಕ್ಕಮ್ಮನ ಕೈಗಳನ್ನೇ ನೋಡುತ್ತಿದ್ದಳು. ಅವಳಿಗೆ ಎಲ್ಲ ತಿಳಿದಿತ್ತು. ಹಿಂದಿನ ಸಂಜೆ ಸುಮಂಗಲಾ ಕಟ್ಟೆಯ ಮೇಲೆ ಕೂತು ಸಿಟ್ಟಿನಲ್ಲಿ ಎಲ್ಲವನ್ನೂ ಹೇಳಿದ್ದಳು, ಎಡಿಟಿಂಗ್ ಮನೆಯ ಗುಂಡಿಯನ್ನೂ.

“ಧ್ವನಿ ಬದಲಿ ಮಾಡಿಸ್ತೀನಿ ಅಂದಿದ್ನಂತ ಅಂವ” ಎಂದಳು ಸ್ನೇಹಾ.

“ಹೌದು.”

“ಹೂಂ ಅಂದಿದ್ರ ನಾ ಇಲ್ಲೇ ಇರ್ತಿದ್ದೆ.”

ಗಂಗೋತ್ರಿ ಚೀಲದ ಜಿಪ್ಪು ಎಳೆದಳು. ಹೇಳಲು ಎಷ್ಟೋ ಇತ್ತು. ಅಮ್ಮನ ಹಿಟ್ಟಿನ ಕೈ, ನೀರು, ಬಂಡೆ, ಆ ಮಾತುಗಳನ್ನು ಅವನ ಬಾಯಿಗೆ ಹಾಕಿದ್ದರೆ ನಿಮ್ಮಮ್ಮ ಇನ್ನೊಮ್ಮೆ ಸಾಯುತ್ತಿದ್ದಳೆಂಬುದು. ಹದಿಮೂರರ ಹುಡುಗಿಯ ಮುಂದೆ ಅದೆಲ್ಲ ನೆಪದಂತೆ ಕೇಳಿಸುತ್ತದೆ ಎನಿಸಿತು.

“ಹೌದು, ಇರ್ತಿದ್ದಿ” ಎಂದಳು.

ಸ್ನೇಹಾ ಇನ್ನೂ ಸ್ವಲ್ಪ ಹೊತ್ತು ಕಾದಳು. ಪುಸ್ತಕದ ಕಟ್ಟನ್ನು ತಾನೇ ಎತ್ತಿಕೊಂಡು, ತಾತನ ಕಾಲು ಮುಟ್ಟಿ, ಹೊರಗೆ ಹೋದಳು. ದೊಡ್ಡಬಸಪ್ಪ ಕಾರಿನ ಮನೆಯ ಕಡೆಯ ಬಾಗಿಲು ತೆರೆದು ಹಿಡಿದಿದ್ದ. ಹುಡುಗಿ ಅದರಲ್ಲಿ ಹತ್ತಿ, ಸೀಟಿನ ಮೇಲೆ ಸರಿಯುತ್ತ ಸರಿಯುತ್ತ ಆಚೆ ಬದಿಯ ಕಿಟಕಿಗೆ ಹೋಗಿ ಕುಳಿತಳು. ಅಲ್ಲಿಂದ ಮನೆ ಕಾಣುತ್ತಿರಲಿಲ್ಲ.